ಸೈಕಲ್ ಕಳೆದವನು ಮನೆಗೆ ಹೋಗಿ ಮಲಗಿದರೆ?

ರೋಮ್ ನಗರದಲ್ಲಿ ಒಬ್ಬನ ಸೈಕಲ್ ಕಳುವಾಯಿತು. ಅವನು ಊರೆಲ್ಲ ಹುಡುಕಿದ. ಇದನ್ನು ಕಥೆಯ ಎಳೆ ಅಂತ ಗಾಂಧಿನಗರದ ಯಾವುದಾದರೂ ಆಫೀಸಿನಲ್ಲಿ ಹೇಳಿ ನೋಡಿ. ಎದುರಿಗಿದ್ದವರು ಕಾಫಿ ಲೋಟ ಕೆಳಗಿಡುವ ಮೊದಲೇ "ಅದಕ್ಕೇನೀಗ? ಇನ್ನೊಂದು ಕೊಂಡ್ಕೊಳ್ಳೋದು ತಾನೆ?" ಎನ್ನುತ್ತಾರೆ. ಹಾಗೆ ಕೇಳಿದವರನ್ನು ಅರಸಿಕರು ಅಂತ ಬೈಯುವ ಹಾಗಿಲ್ಲ. ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾರೆ.

ಇಟಲಿಯ ಲೂಯಿಜಿ ಬಾರ್ತೊಲಿನಿ 1946ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ಹೆಚ್ಚುಕಡಿಮೆ ಇದೇ ಇತ್ತು. ಕಥೆ ಹೇಳುವವನು ಒಬ್ಬ ಕಲಾವಿದ, ಬರಹಗಾರ. ಕಳೆದುಹೋದ ಸೈಕಲ್ಲಿನ ಬೆನ್ನುಹತ್ತಿ ರೋಮಿನ ಕಳ್ಳಮಾಲಿನ ಸಂತೆಗಳಲ್ಲಿ, ಕಳ್ಳರ ಗಲ್ಲಿಗಳಲ್ಲಿ ಅಲೆಯುತ್ತಾನೆ. ಕಂಡವರ ಬಗ್ಗೆ ಟೀಕೆ ಟಿಪ್ಪಣಿ ಮಾಡುತ್ತಾನೆ. ಸೈಕಲ್ ಸಿಕ್ಕದಿದ್ದರೂ ಅವನ ಊಟಕ್ಕೇನೂ ಕುಂದಿಲ್ಲ. ಎರಡು ವರ್ಷದ ಬಳಿಕ ವಿಟ್ಟೋರಿಯೊ ಡಿ ಸಿಕಾ ಅದೇ ಹೆಸರಿನ ಸಿನಿಮಾ ಮಾಡಿದ. ಚಿತ್ರಕಥೆಗೆ ಕೂತ ತಂಡದ ಮುಖ್ಯ ತಲೆ ಚೆಸರೆ ಝವಾಟಿನಿಯದು. ಶೀರ್ಷಿಕೆ ಉಳಿಯಿತು, ಸೈಕಲ್ ಉಳಿಯಿತು, ರೋಮ್ ಉಳಿಯಿತು. ಬದಲಾದದ್ದು ಸೈಕಲ್ಲಿನ ಮೇಲೆ ಕೂತಿದ್ದ ಮನುಷ್ಯ. 'ಬೈಸಿಕಲ್ ಥೀವ್ಸ್' ಇವತ್ತಿಗೂ ಉಳಿದಿರುವುದಕ್ಕೆ ಆ ಒಂದು ಬದಲಾವಣೆಯೇ ಅರ್ಧ ಕಾರಣ ಎಂಬುದು ನನ್ನ ಲೆಕ್ಕ.

ಸಿನಿಮಾದ ಅಂತೋನಿಯೊ ರಿಚ್ಚಿ ಯುದ್ಧ ಮುಗಿದ ರೋಮಿನಲ್ಲಿ ಕೆಲಸವಿಲ್ಲದೆ ಕೂತವನು. ಕೊನೆಗೂ ಒಂದು ಕೆಲಸ ಸಿಗುತ್ತದೆ, ಗೋಡೆಗೆ ಪೋಸ್ಟರ್ ಅಂಟಿಸುವುದು. ಷರತ್ತು ಒಂದೇ: ಸೈಕಲ್ ಇರಬೇಕು. ಅವನ ಸೈಕಲ್ಲೋ, ಅಡವಿಟ್ಟಿದೆ. ಹೆಂಡತಿ ಮರಿಯಾ ಹಾಸಿಗೆಯ ದುಪ್ಪಟಗಳನ್ನು ಸರಸರ ಎಳೆದು ತೆಗೆಯುತ್ತಾಳೆ. ದುಪ್ಪಟ ಇಲ್ಲದಿದ್ದರೂ ನಿದ್ದೆ ಬರುತ್ತದೆ ಎಂಬುದು ಅವಳ ವಾದ. ಅವು ಅಂಗಡಿಗೆ ಹೋಗಿ ಸೈಕಲ್ ಮನೆಗೆ ಬರುತ್ತದೆ. ಅಡವಿನಂಗಡಿಯ ಆಳು ಆ ಗಂಟನ್ನು ಹಿಡಿದು ಕಪಾಟಿನ ಮೇಲೆ ಮೇಲೆ ಹತ್ತುವುದನ್ನು ಕ್ಯಾಮೆರಾ ನೋಡುತ್ತಲೇ ಇರುತ್ತದೆ. ಛಾವಣಿಯವರೆಗೂ ಅಂಥವೇ ಗಂಟುಗಳು, ಎಷ್ಟೋ ಮನೆಗಳ ಹಾಸಿಗೆಗಳು. ಕೆಲಸದ ಮೊದಲ ದಿನವೇ, ಅವನು ಏಣಿಯ ಮೇಲೆ ನಿಂತು ರೀಟಾ ಹೇವರ್ತ್‌ಳ ಪೋಸ್ಟರಿಗೆ ಅಂಟು ಸವರುತ್ತಿರುವಾಗ, ಸೈಕಲ್ ಹೋಗುತ್ತದೆ.

ಈಗ "ಇನ್ನೊಂದು ಕೊಂಡ್ಕೊಳ್ಳೋದು ತಾನೆ" ಎನ್ನಿ ನೋಡೋಣ. ಆಗುವುದಿಲ್ಲ. ಮಾರಲಿಕ್ಕೆ ಮನೆಯಲ್ಲಿ ಇನ್ನು ಹಾಸಿಗೆಬಟ್ಟೆಯೂ ಉಳಿದಿಲ್ಲ. ಹುಡುಕಲಿಕ್ಕಿರುವುದು ಒಂದು ಭಾನುವಾರ. ಜೊತೆಗೆ ಎಂಟೋ ಹತ್ತೋ ವರ್ಷದ ಮಗ ಬ್ರೂನೊ, ಅಪ್ಪನನ್ನು ಕಣ್ಣರಳಿಸಿ ನೋಡುವ ವಯಸ್ಸಿನವನು. ಮೊದಲ ವಾಕ್ಯಕ್ಕೆ ಸೇರಿದ್ದು ಇಷ್ಟೇ: ಸೈಕಲ್ ಹೋದರೆ ಕೆಲಸ ಹೋಯಿತು, ನೋಡುತ್ತಿರುವವನು ಮಗ. ಆದರೆ ಕಥೆ ಹುಟ್ಟಿದ್ದೇ ಅಲ್ಲಿ. ಅಂತೋನಿಯೊ ಕೊನೆಗೆ ತಾನೇ ಒಂದು ಸೈಕಲ್ಲಿಗೆ ಕೈಹಾಕುವ ದೃಶ್ಯವೂ ಆ ಸೇರ್ಪಡೆಯಲ್ಲೇ ಅಡಗಿತ್ತು. ಬಾರ್ತೊಲಿನಿಯ ಕಲಾವಿದನಿಂದ ಆ ಕೆಲಸ ಆಗುತ್ತಿರಲಿಲ್ಲ, ಅವನಿಗೆ ಅದರ ಗರಜೂ ಇರಲಿಲ್ಲ.

ಕಥೆಯನ್ನು ಒಂದು ವಾಕ್ಯಕ್ಕೆ ಇಳಿಸಿ ಹೇಳುವುದು ನಮ್ಮಲ್ಲಿ ಸಿನಿಮಾದವರ ದಿನನಿತ್ಯದ ಕೆಲಸ. ಹಾಲಿವುಡ್ಡಿನವರು ಲಾಗ್‌ಲೈನ್ ಅಂದರು, ನಮ್ಮವರು ಒನ್‌ಲೈನ್ ಅಂದರು, ಹಳೆಯ ತಲೆಮಾರಿನವರು ಎಳೆ ಅನ್ನುತ್ತಿದ್ದರು. "ಎಳೆ ಚೆನ್ನಾಗಿದೆ, ಡಿಸ್ಕಷನ್‌ಗೆ ಕೂರೋಣ" ಎಂಬ ಮಾತಿನ ಮೇಲೆ ಎಷ್ಟೋ ಹುಡುಗರ ವರ್ಷಗಳು ಹೋಗಿವೆ. ಇದನ್ನು ಮಾರಾಟದ ಸರಕು ಅಂತ ಹಗುರವಾಗಿ ನೋಡುವ ಸಾಹಿತಿಗಳಿದ್ದಾರೆ. ನನಗೇನೋ ಅದು ನಿರ್ಮಾಪಕನಿಗಿಂತ ಹೆಚ್ಚಾಗಿ ಬರೆಯುವವನ ಮೇಜಿಗೇ ಬೇಕಾದದ್ದು ಅನ್ನಿಸುತ್ತದೆ. ಮುನ್ನೂರು ಪುಟ ಬರೆದಾದ ಮೇಲೆ ಕಥೆಯಲ್ಲಿ ಜೀವ ಇಲ್ಲ ಅಂತ ಗೊತ್ತಾಗುವುದಕ್ಕಿಂತ ಹದಿನೈದು ಪದದಲ್ಲಿ ಗೊತ್ತಾಗುವುದು ಅಗ್ಗ.

ಹಂಗೇರಿ ಮೂಲದ ಲಾಜೋಸ್ ಎಗ್ರಿ 1946ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ನಾಟಕರಚನೆಯ ಪುಸ್ತಕವೂ ಒಂದು ವಾಕ್ಯದಿಂದಲೇ ಶುರು ಮಾಡಿ ಅನ್ನುತ್ತದೆ. ಆದರೆ ಅವನು ಕೇಳುವುದು ನಾಟಕ ಸಾಧಿಸಿ ತೋರಿಸಬೇಕಾದ ಒಂದು ತೀರ್ಮಾನವನ್ನು, ಮಿತಿಮೀರಿದ ಆಸೆ ಆಸೆಪಟ್ಟವನನ್ನೇ ತಿನ್ನುತ್ತದೆ ಎಂಬ ಥರದ್ದನ್ನು. ಅದು ಬೇರೆಯೇ ವ್ಯವಹಾರ. ನಾನು ಹೇಳುತ್ತಿರುವ ವಾಕ್ಯದಲ್ಲಿ ನೀತಿ ಇರಬೇಕಾಗಿಲ್ಲ, ಒಬ್ಬ ಮನುಷ್ಯ ಇರಬೇಕು.

ವಾಕ್ಯ ಗಟ್ಟಿಯಾಗಿದೆಯೋ ಇಲ್ಲವೋ ನೋಡಲು ಒಂದು ಒರಟು ಪರೀಕ್ಷೆ ಸಾಕು: ಇವನು ಎಲ್ಲ ಬಿಟ್ಟು ಮನೆಗೆ ಹೋಗಿ ಮಲಗಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ ಅಂತಾದರೆ ಪಣ ಇಲ್ಲ. ಏನೋ ಆಗುತ್ತದೆ, ಆದರೆ ಅವನಿಗಲ್ಲ ಅಂತಾದರೆ ಪಣ ಇದೆ, ಅವನು ಹೊರಡಲು ಕಾರಣವಿಲ್ಲ. ಎರಡೂ ಬೇರೆ ಬೇರೆ ಕಾಯಿಲೆ ಅಂತ ಕಾರ್ಯಾಗಾರಗಳಲ್ಲಿ ಹೇಳಿಕೊಡುತ್ತಾರೆ. ಮೂಲದಲ್ಲಿ ಒಂದೇ. ಏನು ಕಳೆದುಹೋಗುತ್ತದೆ ಎಂಬುದೂ ಇವನಿಗೇ ಯಾಕೆ ಬಿಡಲಾಗದು ಎಂಬುದೂ ಒಂದೇ ಉತ್ತರದಲ್ಲಿ ಬಂದಾಗ ಮಾತ್ರ ವಾಕ್ಯ ನಿಲ್ಲುತ್ತದೆ.

ಪಣ ಸಾಲದು ಅಂದ ಕೂಡಲೇ ಹೊಸಬರು ಮಾಡುವುದು ಒಂದೇ ಕೆಲಸ, ಅದನ್ನು ದೊಡ್ಡದು ಮಾಡುವುದು. ಮನೆ ಇದ್ದದ್ದು ಊರಾಗುತ್ತದೆ, ಊರು ರಾಜ್ಯವಾಗುತ್ತದೆ, ಎದುರಾಳಿ ಪುಡಿ ರೌಡಿಯಿಂದ ಮಂತ್ರಿಯಾಗಿ ಬಡ್ತಿ ಪಡೆಯುತ್ತಾನೆ. ಇಷ್ಟಾದರೂ ಕೇಳುವವನ ಮೈಗೆ ಏನೂ ತಾಗುವುದಿಲ್ಲ. ದೊಡ್ಡದಾದಷ್ಟೂ ಅದು ದೂರವಾಗುತ್ತದೆ. ಬೇಕಾದದ್ದು ಅದನ್ನು ಹತ್ತಿರ ತರುವುದು, ಮೈಗೆ, ಹೊಟ್ಟೆಗೆ, ಹಾಸಿಗೆಗೆ. ನಮ್ಮ ಕಥೆಗಾರರಿಗೆ ಇದು ಯಾರೂ ಕಲಿಸಬೇಕಾದ ಪಾಠವೇ ಆಗಿರಲಿಲ್ಲ. ಧರ್ಮರಾಯ ಜೂಜಿನಲ್ಲಿ ಒಡ್ಡಿದ ಕ್ರಮ ನೋಡಿ. ಮೊದಲು ಹಣ, ಆಮೇಲೆ ಆನೆ ಕುದುರೆ, ರಾಜ್ಯ. ಆಮೇಲೆ ನಕುಲ, ಸಹದೇವ, ಅರ್ಜುನ, ಭೀಮ. ಆಮೇಲೆ ತಾನು. ಕೊನೆಗೆ ದ್ರೌಪದಿ. ಗಾತ್ರದಲ್ಲಿ ರಾಜ್ಯಕ್ಕಿಂತ ದೊಡ್ಡದು ಇದರಲ್ಲಿ ಯಾವುದೂ ಇಲ್ಲ. ಆದರೂ ರಾಜ್ಯ ಹೋದಾಗ ಕೇಳುಗ ತಾಂಬೂಲ ಜಗಿಯುತ್ತಿರುತ್ತಾನೆ. ನಕುಲನ ಹೆಸರು ಬಂದಾಗ ಬೆನ್ನು ನೆಟ್ಟಗಾಗುತ್ತದೆ.

ಪೂರ್ಣಚಂದ್ರ ತೇಜಸ್ವಿಯವರ 'ತಬರನ ಕಥೆ'ಯನ್ನು "ಭ್ರಷ್ಟ ಆಡಳಿತದ ವಿರುದ್ಧ ಒಬ್ಬ ಬಡವನ ಹೋರಾಟ" ಅಂದರೆ ಸುಳ್ಳೇನಲ್ಲ, ಆದರೆ ಅಂಥ ವಾಕ್ಯ ಇಟ್ಟುಕೊಂಡು ಯಾರೂ ಒಂದು ಪುಟ ಬರೆಯಲಾರರು. ಮುನಿಸಿಪಾಲಿಟಿಯಿಂದ ನಿವೃತ್ತನಾದ ತಬರಶೆಟ್ಟಿಗೆ ಪಿಂಚಣಿ ಬರಬೇಕು. ಬಂದರೆ ಸಕ್ಕರೆ ಕಾಯಿಲೆಯಿಂದ ಕಾಲು ಕೊಳೆಯುತ್ತಿರುವ ಹೆಂಡತಿಗೆ ಚಿಕಿತ್ಸೆ ಆಗಬೇಕು. ಕಡತ ಮೇಜಿನಿಂದ ಮೇಜಿಗೆ ಹೋಗುವ ಪ್ರತಿ ದಿನಕ್ಕೂ ಆ ಕಾಲಿನಲ್ಲಿ ಲೆಕ್ಕ ಇದೆ. ಗಿರೀಶ ಕಾಸರವಳ್ಳಿ ಇದನ್ನು ಸಿನಿಮಾ ಮಾಡಿದಾಗ ತಬರನಾದ ಚಾರುಹಾಸನ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಆ ನಟನೆಗೆ ನೆಲ ಸಿಕ್ಕಿದ್ದು ಆ ಕಾಲಿನಿಂದ. ಆಡಳಿತ ವ್ಯವಸ್ಥೆ ಎಂಬುದು ಯಾರ ಕಣ್ಣಿಗೂ ಬೀಳದ ಸಂಗತಿ. ಹುಣ್ಣಾದ ಪಾದ ಬೀಳುತ್ತದೆ.

ಅನಂತಮೂರ್ತಿಯವರ 'ಸಂಸ್ಕಾರ'ದಲ್ಲಿ (1965) ಇದು ಇನ್ನೂ ಜಾಣತನದಿಂದ ನಡೆದಿದೆ. ಕುಲಗೆಟ್ಟ ನಾರಣಪ್ಪ ಸತ್ತ. ಸಂಸ್ಕಾರ ಮಾಡುವವರು ಯಾರು? ಇಷ್ಟನ್ನೇ ಇಟ್ಟುಕೊಂಡರೆ ಅದು ಧರ್ಮಶಾಸ್ತ್ರದ ಚರ್ಚೆ. ಆದರೆ ಹೆಣ ಹೋಗುವ ತನಕ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ ಎಂಬ ಆಚಾರದ ಕಟ್ಟಳೆ ಬಂದು ಸೇರಿದ ಕೂಡಲೇ ಶಾಸ್ತ್ರಜಿಜ್ಞಾಸೆ ಹಸಿವಾಗಿ ಬದಲಾಯಿತು. ಜೊತೆಗೆ ಹೆಣ ನಾರುತ್ತಿದೆ, ಇಲಿಗಳು ಸಾಯುತ್ತಿವೆ. ಉತ್ತರ ಹುಡುಕಬೇಕಾದ ಪ್ರಾಣೇಶಾಚಾರ್ಯರ ಇಡೀ ಬದುಕು ನಿಂತಿರುವುದೇ ಉತ್ತರ ಬಲ್ಲವರು ಎಂಬ ಹೆಸರಿನ ಮೇಲೆ. ಅವರು "ನನಗೆ ತಿಳಿಯದು" ಅಂತ ಹೇಳಿ ಮಲಗಿದರೆ ಬೆಳಗ್ಗೆ ಎದ್ದಾಗ ಅವರು ಪ್ರಾಣೇಶಾಚಾರ್ಯರಾಗಿ ಉಳಿದಿರುವುದಿಲ್ಲ.

ಯಾಕೆ ಬಿಡಲಾರ ಎಂಬುದಕ್ಕೆ "ಅವನು ಒಳ್ಳೆಯವನು" ಎಂಬುದು ಉತ್ತರವಲ್ಲ. ಹಸ್ತಪ್ರತಿ ಹಿಡಿದು ಬರುವ ಹತ್ತರಲ್ಲಿ ಏಳು ಕಥೆಗಳ ನಾಯಕರು ಬರೀ ಒಳ್ಳೆಯತನದ ಬಲದಿಂದ ಮುನ್ನೂರು ಪುಟ ನಡೆಯಲು ಹೊರಟವರು. ಹಟಕ್ಕೆ ಹಿಂದಿನ ಒಂದು ಬೇರು ಬೇಕು, ಕಥೆ ಶುರುವಾಗುವ ಮೊದಲೇ ಅವನಲ್ಲಿ ಇದ್ದದ್ದು. ರಾಜ್ ಬಿ. ಶೆಟ್ಟಿ 2017ರಲ್ಲಿ ಮಾಡಿದ 'ಒಂದು ಮೊಟ್ಟೆಯ ಕಥೆ' ಇದಕ್ಕೆ ಒಳ್ಳೆ ಉದಾಹರಣೆ. ಬೋಳುತಲೆಯ ಕನ್ನಡ ಉಪನ್ಯಾಸಕ ಜನಾರ್ದನನಿಗೆ ಹೆಣ್ಣು ಸಿಗುತ್ತಿಲ್ಲ. ಇದು ಬರೀ ಪರಿಸ್ಥಿತಿ. ಇಂತಿಷ್ಟು ವಯಸ್ಸಿನೊಳಗೆ ಮದುವೆಯಾಗದಿದ್ದರೆ ಸನ್ಯಾಸಿಯಾಗುತ್ತಾನೆ ಅಂತ ಜೋಯಿಸರು ಹೇಳಿದ್ದಾರೆ. ಇಲ್ಲಿ ಗಡುವು ಬಂತು, ನಗೆಯೂ ಬಂತು. ಆದರೆ ಸಿನಿಮಾ ನಿಲ್ಲುವುದು ಮೂರನೆಯ ಸಂಗತಿಯ ಮೇಲೆ: ರೂಪ ಸಾಲದು ಅಂತ ಎಲ್ಲರಿಂದ ಬೇಡವೆನಿಸಿಕೊಂಡ ಇವನೇ, ರೂಪ ಸಾಲದು ಅಂತ ಒಬ್ಬಳನ್ನು ಬೇಡವೆನ್ನುವ ಮನುಷ್ಯ. ಅದನ್ನು ಸೇರಿಸಿದ ಮೇಲೆ ವಾಕ್ಯಕ್ಕೆ ಹೊರಗಿನಿಂದ ಖಳನಾಯಕನನ್ನು ಕರೆತರುವ ತಾಪತ್ರಯ ಇಲ್ಲ.

'ತಿಥಿ'ಯನ್ನು ತಂದು ಎದುರಿಗಿಟ್ಟು "ಇದಕ್ಕೇನು ಹೇಳ್ತೀರಿ? ಇದಕ್ಕೆ ಒನ್‌ಲೈನೇ ಇಲ್ಲವಲ್ಲ" ಎನ್ನುವವರಿದ್ದಾರೆ. ನೂರೊಂದು ವರ್ಷದ ಸೆಂಚುರಿ ಗೌಡ ಸತ್ತ, ಹನ್ನೊಂದನೇ ದಿನಕ್ಕೆ ತಿಥಿ, ಅಷ್ಟರಲ್ಲಿ ಮಂಡ್ಯ ಸೀಮೆಯ ಒಂದು ಹಳ್ಳಿಯಲ್ಲಿ ಏನೇನೋ ನಡೆಯುತ್ತದೆ. ನಿಜ, ಮೂರು ತಲೆಮಾರು ಮೂರು ದಿಕ್ಕಿಗೆ ನಡೆಯುವ ಸಿನಿಮಾ ಅದು. ಆದರೆ ನಡುವಿನ ಕೊಂಡಿ ತಮ್ಮಣ್ಣನನ್ನು ಗಮನಿಸಿ. ತಾತನ ಜಮೀನು ಮಾರಬೇಕು ಎಂದು ಅವನಿಗೆ ಆತುರ. ಜಮೀನು ಬರಬೇಕಾದದ್ದು ಅಪ್ಪ ಗಡ್ಡಪ್ಪನಿಗೆ. ಗಡ್ಡಪ್ಪನಿಗೆ ಅದೇನೂ ಬೇಕಿಲ್ಲ, ಊರೂರು ಅಲೆದುಕೊಂಡಿದ್ದರೆ ಸಾಕು. ಆದ್ದರಿಂದ ಬದುಕಿರುವ ಅಪ್ಪನನ್ನು ಮಗ ಕಾಗದದ ಮೇಲೆ ಸಾಯಿಸುತ್ತಾನೆ. ಇದಕ್ಕಿಂತ ಬಿಗಿಯಾದ ಎಳೆ ಎಲ್ಲಿದೆ? ರಾಮ್ ರೆಡ್ಡಿ ಮತ್ತು ಈರೇಗೌಡರು ಅದರ ಮೇಲೆ ಇಷ್ಟೊಂದು ಸಡಿಲ ಬದುಕನ್ನು ಹರಡಲು ಸಾಧ್ಯವಾದದ್ದು ಆ ಎಳೆ ತುಂಡಾಗುವುದಿಲ್ಲ ಎಂಬ ಧೈರ್ಯದಿಂದಲೇ ಇರಬೇಕು. ಎಳೆಗೆ ಇಳಿಯದ ಒಳ್ಳೆಯ ಬರಹ ಇಲ್ಲವೇ ಇಲ್ಲ ಅಂತಲ್ಲ. ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳನ್ನು ಒಂದು ವಾಕ್ಯಕ್ಕೆ ಇಳಿಸಲು ಹೋದವನ ಕೈಗೆ ಸಿಗುವುದು ಸಿಪ್ಪೆ ಮಾತ್ರ. ಆದರೆ ಆ ಕೈಚಳಕವನ್ನು ನೆಪ ಮಾಡಿಕೊಂಡು ತಮ್ಮ ಕಥೆಯ ಬಡತನವನ್ನು ಮುಚ್ಚಿಡುವವರೇ ಜಾಸ್ತಿ.

ಇನ್ನು ಮಾತು ಸಾಕು, ಒಂದು ವಾಕ್ಯವನ್ನು ಕೈಗೆತ್ತಿಕೊಂಡು ತಿದ್ದೋಣ. ಸ್ಪರ್ಧೆಗಳಿಗೆ ಬರುವ ಕಥೆಗಳ ನಡುವೆ ಇಂಥದೊಂದು ಇದ್ದೇ ಇರುತ್ತದೆ: "ಊರಿನ ಕೆರೆಯನ್ನು ರಿಯಲ್ ಎಸ್ಟೇಟ್ ಮಾಫಿಯಾದಿಂದ ಉಳಿಸಲು ನಿವೃತ್ತ ಮೇಷ್ಟ್ರೊಬ್ಬರು ಹೋರಾಡುತ್ತಾರೆ."

ಒಪ್ಪದವರು ಯಾರು? ಅದೇ ತೊಂದರೆ. ಕೆರೆ ಉಳಿಯಬೇಕು ಅಂತ ಎಲ್ಲರಿಗೂ ಗೊತ್ತು, ಮೇಷ್ಟ್ರು ಒಳ್ಳೆಯವರು ಅಂತಲೂ ಗೊತ್ತು. ಮೇಷ್ಟ್ರು ಮನೆಗೆ ಹೋಗಿ ಮಲಗಿದರೆ ತಿಂಗಳ ಒಂದನೇ ತಾರೀಕು ಪಿಂಚಣಿ ಬರುತ್ತದೆ. ಮಾಫಿಯಾಕ್ಕೆ ಮಂತ್ರಿಯನ್ನು ಸೇರಿಸಿ, ಲಾರಿ ಹಾಯಿಸಿ, ಮೇಷ್ಟ್ರ ಕೈ ಮುರಿಸಿ, ವಾಕ್ಯ ಉಬ್ಬುತ್ತದೆಯೇ ಹೊರತು ಬಲಿಯುವುದಿಲ್ಲ. ಕೆರೆ ಯಾರ ಮೈಗೆ ಅಂಟಿಕೊಂಡಿದೆ ಅಂತ ಕೇಳಬೇಕು. ಕೋಲಾರ, ತುಮಕೂರಿನ ಕಡೆಯ ಕೆರೆಗಳಿಗೆ ನೀರುಗಂಟಿ ಅಂತ ಇರುತ್ತಿದ್ದ, ಕೆಲವು ಕಡೆ ಈಗಲೂ ಇದ್ದಾನೆ. ತೂಬಿನ ಉಸ್ತುವಾರಿ ಅವನದು. ಯಾವ ಗದ್ದೆಗೆ ಯಾವಾಗ ಎಷ್ಟು ನೀರು ಅಂತ ಕಾಲುವೆಗುಂಟ ನಡೆದು ಹಾಯಿಸುವವನು ಅವನು. ಹಳೆಯ ತೂಬಾದರೆ ನೀರಿಗಿಳಿದು ಗೂಟ ಎತ್ತಬೇಕು. ಸುಗ್ಗಿಯಲ್ಲಿ ಕಣದ ಮೇಲೆ ಅವನಿಗೆ ಆಯ ಅಂತ ಒಂದಿಷ್ಟು ಕಾಳು. ಊರಿಗೆಲ್ಲ ನೀರು ಹಂಚುವವನು ಬಹುತೇಕ ಊರಿನ ದಲಿತ ಕೇರಿಯವನು, ಅವನ ಸ್ವಂತಕ್ಕೆ ಹೇಳಿಕೊಳ್ಳುವ ಗದ್ದೆ ಇರುತ್ತಿದ್ದುದು ಕಡಿಮೆ. ಇವನನ್ನು ತಂದು ನಿಲ್ಲಿಸಿದರೆ ಮೇಷ್ಟ್ರು ತಾವಾಗಿಯೇ ಎದ್ದು ಹೋಗುತ್ತಾರೆ.

"ಕೆರೆಯಲ್ಲಿ ನೀರು ಸಾಲದ ವರ್ಷ ನೀರುಗಂಟಿಯೊಬ್ಬ ಅಚ್ಚುಕಟ್ಟಿಗೆಲ್ಲ ನೀರು ಹಂಚಲು ಪರದಾಡುತ್ತಾನೆ." ಮೊದಲಿನದಕ್ಕಿಂತ ವಾಸಿ. ಕೊರತೆ ಇದೆ, ಕಸುಬು ಇದೆ, ಮಾಫಿಯಾ ಹೋಯಿತು. ಆದರೆ ಪರದಾಡುವುದು ಒಂದು ಕ್ರಿಯೆಯಲ್ಲ. ಹೋರಾಡುತ್ತಾನೆ, ಪರದಾಡುತ್ತಾನೆ, ಸಂಕಷ್ಟಕ್ಕೆ ಸಿಲುಕುತ್ತಾನೆ ಇವೆಲ್ಲ ಬರೆಯುವವನಿಗೇ ಇನ್ನೂ ಕಥೆ ಗೊತ್ತಿಲ್ಲ ಎಂಬುದರ ಗುರುತು. ಅವನು ಕೈಯಿಂದ ಏನು ಮಾಡುತ್ತಾನೆ?

ಆ ವರ್ಷ ಕಾಲುವೆಯ ತುದಿಯ ಗದ್ದೆಗಳಿಗೆ ನೀರು ಬಿಡುವುದಿಲ್ಲ ಅಂತ ಊರಿನವರು ಸೇರಿ ತೀರ್ಮಾನಿಸಿದರು ಅನ್ನೋಣ. ತುದಿಯ ಗದ್ದೆಯೊಂದನ್ನು ವಾರಕ್ಕೆ ಹಿಡಿದು, ಬಡ್ಡಿ ಸಾಲದಿಂದ ಬಿತ್ತನೆ ಮಾಡಿದವಳು ನೀರುಗಂಟಿಯ ಮಗಳು. ಭತ್ತ ಹೊಡೆ ತುಂಬಿ ನಿಂತಿದೆ. ಇನ್ನೆರಡು ನೀರು ಸಿಕ್ಕರೆ ಬೆಳೆ, ಇಲ್ಲದಿದ್ದರೆ ಹುಲ್ಲು. ಪಣ ಈಗ ಮನೆಯೊಳಗೇ ಬಂತು. ಇಲ್ಲಿಗೆ ನಿಲ್ಲಿಸಬಾರದು. ಯಾವ ಅಪ್ಪನಾದರೂ ಮಗಳಿಗೆ ನೀರು ಬಿಟ್ಟಾನು, ರಾತ್ರಿ ಯಾರಿಗೆ ಕಾಣುತ್ತದೆ? ಬಿಡದಂತೆ ಹಿಡಿದಿರುವುದು ಏನು? ಇವನು ಹುಡುಗನಾಗಿದ್ದಾಗ ಇವನ ಅಪ್ಪ ಒಂದು ರಾತ್ರಿ ಯಾರದೋ ಮುಲಾಜಿಗೆ ತೂಬೆತ್ತಿದ. ಮುಲಾಜು ಹಚ್ಚಿದ ಗೌಡ ದಕ್ಕಿಸಿಕೊಂಡ, ತೂಬೆತ್ತಿದವನನ್ನು ಊರು ಅರಳಿಕಟ್ಟೆಯ ಮುಂದೆ ನಿಲ್ಲಿಸಿತು. ಅಂದಿನಿಂದ ಇವನಿಗೆ ಕತ್ತಲಾದ ಮೇಲೆ ತೂಬಿನ ಹತ್ತಿರ ಹೋಗುವುದೆಂದರೇ ಆಗದು. ಇದು ಪ್ರಾಮಾಣಿಕತೆಯಲ್ಲ, ಭಯ. ನಾಯಕನಿಗೆ ಪ್ರಾಮಾಣಿಕತೆಗಿಂತ ಭಯ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇಷ್ಟನ್ನೂ ಒಂದು ವಾಕ್ಯಕ್ಕೆ ತುರುಕಿದರೆ ಅದು ಸರ್ಕಾರಿ ಸುತ್ತೋಲೆಯ ಹಾಗಾಗುತ್ತದೆ. ಅಪ್ಪನ ಹಳೆಯ ಅವಮಾನ, ಗೌಡ, ಬಡ್ಡಿ ಸಾಲ ಎಲ್ಲ ಬರೆಯುವವನಿಗೆ ಗೊತ್ತಿದ್ದರೆ ಸಾಕು, ವಾಕ್ಯದಲ್ಲಿ ಕಾಣಬೇಕಾಗಿಲ್ಲ. "ಮಗಳ ಬೆಳೆ ಒಣಗುತ್ತಿರುವಾಗ, ಅವಳೇ ರಾತ್ರಿ ಕದ್ದು ಎತ್ತಿದ ತೂಬನ್ನು ಮುಚ್ಚಲು ನೀರುಗಂಟಿ ನೀರಿಗಿಳಿಯುತ್ತಾನೆ." ಇಲ್ಲಿ ಒಂದು ಕೆಲಸ ಇದೆ, ಅದನ್ನು ಮಾಡಿದರೂ ನಷ್ಟ, ಬಿಟ್ಟರೂ ನಷ್ಟ.

ಇದಕ್ಕೆ ಸಮಾಧಾನಪಟ್ಟು ಬರೆಯಲು ಕೂರಬಹುದು. ಆದರೆ ಕೆರೆಯ ಕಥೆ ಅಂದಮೇಲೆ ಕನ್ನಡದವರಿಗೆ ಇನ್ನೊಂದು ನೆನಪಾಗದೆ ಇರುವುದಿಲ್ಲ. 'ಕೆರೆಗೆ ಹಾರ' ಹಾಡಿನಲ್ಲಿ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರಲಿಲ್ಲ. ಜೋಯಿಸರು ಬಲಿ ಅಂದರು. ಕಿರಿಸೊಸೆ ಭಾಗೀರಥಿಯ ಪಾಲಿಗೆ ಬಂತು. ಮಲ್ಲನಗೌಡನನ್ನು ಮುಂದಿಟ್ಟು ಹೇಳಿದರೆ ಇದು ಊರಿಗಾಗಿ ಸೊಸೆಯನ್ನು ಕೊಟ್ಟ ದೊಡ್ಡ ಮನುಷ್ಯನ ಕಥೆ. ದಂಡಿನಿಂದ ಮರಳಿ ಬಂದು ಕೆರೆಗೆ ಹಾರುವ ಗಂಡ ಮಾದೇವರಾಯನನ್ನು ಮುಂದಿಟ್ಟರೆ ಪ್ರೇಮಕಥೆ. ಹಾಡು ಎರಡನ್ನೂ ಪೂರ್ತಿ ಒಪ್ಪದೆ, ಸಾವು ನಿಶ್ಚಯವಾದ ಹುಡುಗಿ ತವರಿಗೆ ಹೋಗಿ ಅಪ್ಪ ಅವ್ವನಿಗೆ ನಿಜ ಹೇಳಲಾರದೆ ಗೆಳತಿಗೆ ಮಾತ್ರ ಹೇಳುವುದನ್ನು ನಿಂತು ನೋಡುತ್ತದೆ. ಕೆರೆಗೆ ನೀರು ಬರುವಂತೆ ಮಾಡುವ ಶಕ್ತಿ ಅವಳ ಸಾವಿಗಿದೆ, ಬೇಡ ಅನ್ನುವ ಹಕ್ಕು ಮಾತ್ರ ಅವಳಿಗಿಲ್ಲ. ವಾಕ್ಯದ ಮೊದಲ ಹೆಸರು ಯಾರದ್ದಾಗಬೇಕು ಎಂಬುದಕ್ಕೆ ನನಗೆ ಗೊತ್ತಿರುವ ಒಂದು ಉಪಾಯ, ಹೆಚ್ಚು ಕಳೆದುಕೊಳ್ಳುವವರನ್ನೂ ಕಡಿಮೆ ಅಧಿಕಾರ ಇರುವವರನ್ನೂ ಒಮ್ಮೆ ಆ ಜಾಗದಲ್ಲಿ ಕೂರಿಸಿ ನೋಡುವುದು.

ಕೂರಿಸೋಣ. "ಒಣಗುತ್ತಿರುವ ಬೆಳೆಗಾಗಿ ಮಗಳು, ಅಪ್ಪ ಕಾಯುವ ತೂಬನ್ನು ರಾತ್ರಿ ಎತ್ತುತ್ತಾಳೆ, ಬೆಳಗಾದರೆ ಊರು ಕಳ್ಳನೆನ್ನುವುದು ಅಪ್ಪನನ್ನು."

ಕಥೆ ಕೈ ಬದಲಾಯಿಸಿತು. ನೀರುಗಂಟಿಯ ಕಥೆಯಲ್ಲಿ ಅವನು ಆಗಬಾರದ ಕೆಲಸವನ್ನು ತಡೆಯುವವನಾಗಿದ್ದ. ಮಗಳ ಕಥೆಯಲ್ಲಿ ಅವಳು ಆಗಬಾರದ್ದನ್ನು ಮಾಡುವವಳು, ಮಾಡಿದ್ದಕ್ಕೆ ಬೆಲೆ ಕೊಡುವವನು ಬೇರೊಬ್ಬ. ಬಾಯಿಬಿಟ್ಟರೆ ಬೆಳೆ ಹೋಗುತ್ತದೆ, ಸಾಲ ಉಳಿಯುತ್ತದೆ; ಸುಮ್ಮನಿದ್ದರೆ ತಾತನಿಗೆ ಆದದ್ದೇ ಅಪ್ಪನಿಗೂ. ಮನೆಗೆ ಹೋಗಿ ಮಲಗುವ ದಾರಿ ಅವಳಿಗೆ ಎರಡೂ ಕಡೆಯಿಂದ ಮುಚ್ಚಿದೆ. ನಾನಾದರೆ ಇದನ್ನೇ ಇಟ್ಟುಕೊಳ್ಳುತ್ತೇನೆ. ತಾತನ ಕಥೆ ಅವಳಿಗೆ ಗೊತ್ತಿದೆಯೋ, ಅಪ್ಪ ಬಚ್ಚಿಟ್ಟಿದ್ದಾನೋ ಎಂಬುದನ್ನು ಮೊದಲ ಅಧ್ಯಾಯಕ್ಕೆ ಮುಂಚೆಯೇ ತೀರ್ಮಾನಿಸಬೇಕು. ಸಾಲ ಕೊಟ್ಟವನು ಪಂಚಾಯ್ತಿಯಲ್ಲಿ ಕೂರುವವರಲ್ಲಿ ಒಬ್ಬನೋ ಎಂಬುದನ್ನೂ.